ಎದುರು ಬಾಗಿಲಿನ ಜರ್ಮನಿಯವನು

ಬಿಳಿಯನಾಗುವುದಕ್ಕೆ ಟೈ ಬೇಕೋ ಬೇಡವೋ ಎಂಬುದು ಯಜ್ಞೇಶನಿಗೆ ತೀರ್ಮಾನವಾಗಲಿಲ್ಲ. ಕನ್ನಡಿಯ ಮುಂದೆ ನಿಂತು ಒಮ್ಮೆ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಕಟ್ಟಿದರೆ ಕಂಪೆನಿಯ ವಾರ್ಷಿಕ ಊಟಕ್ಕೆ ಹೊರಟ ಇನ್ಶೂರೆನ್ಸ್ ಗುಮಾಸ್ತನ ಹಾಗೆ ಕಾಣುತ್ತಿದ್ದ, ಬಿಚ್ಚಿದರೆ ಬರೀ ಗುಮಾಸ್ತನ ಹಾಗೆ; ಎರಡರಲ್ಲೂ ಜರ್ಮನಿಯವನ ಸುಳಿವಿಲ್ಲ. ಎದುರು ಫ್ಲ್ಯಾಟಿನ ರಿಯಾಝ್‌ಗೆ ಸೋಮವಾರ ಜರ್ಮನಿಯ ಯಾವುದೋ ಆಸ್ಪತ್ರೆಯಿಂದ ವೀಡಿಯೊ ಇಂಟರ್‌ವ್ಯೂ ಇತ್ತು. ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡುವ ಕೆಲಸ. ದೋಹಾದ ಕಂಪೆನಿ ಬಾಗಿಲು ಹಾಕುತ್ತಿತ್ತು, ನೋಟಿಸು ಆಗಲೇ ಕೈಗೆ ಬಂದಿತ್ತು. ಇದು ಸಿಗದಿದ್ದರೆ ಹೆಂಡತಿ ಮಗಳನ್ನು ಕರೆದುಕೊಂಡು ಉಪ್ಪಿನಂಗಡಿಗೆ ಹೋಗಿ ಕೂರಬೇಕು, ಮಗಳು ಸಾಲಿಹಾಳ ಓದು ವರ್ಷದ ನಡುವೆ ನಿಲ್ಲುತ್ತದೆ. ಯಂತ್ರದ ಪ್ರಶ್ನೆಗೆ ಹೆದರುವ ಆಳಲ್ಲ ರಿಯಾಝ್. ಅವನ ಭಯ ಬೇರೆ. ಹೋದ ವಾರ ಮೆಟ್ಟಿಲಲ್ಲಿ ಯಜ್ಞೇಶನನ್ನು ನಿಲ್ಲಿಸಿಕೊಂಡು ಅದನ್ನು ಹೇಳಿದ್ದ.

"ಯಂತ್ರದ್ದೆಲ್ಲ ಸರಿ ಯಜ್ಞೇಶಣ್ಣ. ಕೊನೆಗೆ ಒಬ್ರು ಮೇಡಮ್ ಬರ್ತಾರೆ. ನಮ್ಮ ದೇಶಕ್ಕೆ ಬಂದ್ರೆ ನಮ್ಮ ಜನರ ಜೊತೆ ಹೊಂದ್ಕೊಳ್ತೀಯಾ ಅಂತ ಕೇಳ್ತಾರೆ. ಹೋದ ಸಲ ನಾನು ಬಿದ್ದದ್ದು ಅಲ್ಲಿಯೇ. ಬಾಯಿಂದ ಮಾತೇ ಬರ್ಲಿಲ್ಲ ಮಾರಾಯ್ರೆ. ನೀವು ಒಮ್ಮೆ ಬಿಳಿಯ ಆಗಿ ಕೂತು ನನ್ನನ್ನು ಕೇಳ್ಬೇಕು."

"ನಾನಾ? ನಂಗೆಂತ ಗೊತ್ತುಂಟು ಮಾರಾಯ?"

"ನಿಮಗಲ್ಲದೆ ಮತ್ಯಾರಿಗೆ? ಅಲ್ಲಿಯವರು ನಮ್ಮ ಬಗ್ಗೆ ಎಂತ ಹೇಳ್ತಾರೆ ಅಂತ ದಿನಾ ವೀಡಿಯೊ ನೋಡ್ತೀರಲ್ಲ. ಸೌಂಡು ನಮ್ಮ ಅಡಿಗೆಮನೆಗೆ ಕೇಳ್ತದೆ."

ಅಷ್ಟು ಹೇಳಿ ರಿಯಾಝ್ ಮೆಟ್ಟಿಲಿಳಿದು ಹೋದ. ಯಜ್ಞೇಶ ಮಾತ್ರ ಅಲ್ಲೇ ನಿಂತ. ಒಂದು ವಾರವಿಡೀ, ಆಫೀಸಿನಲ್ಲಿ ಕೂತರೂ, ಕಾರು ಓಡಿಸುತ್ತಿದ್ದರೂ, ಅವನು ಮನಸ್ಸಿನಲ್ಲಿ ಆ ಮೆಟ್ಟಿಲ ಮೇಲೆಯೇ ನಿಂತಿದ್ದ. ಹೇಳುವಾಗ ರಿಯಾಝ್ ನಕ್ಕಿದ್ದನೇ? ನಕ್ಕಿದ್ದರೆ ಯಾವ ನಗು? ಎಷ್ಟು ದಿನದಿಂದ ಕೇಳಿಸುತ್ತಿತ್ತು? ದೋಹಾದ ಬಿನ್ ಮಹಮೂದ್ ಬಡಾವಣೆಯ ಆ ಹಳೆಯ ಕಟ್ಟಡದಲ್ಲಿ ಎದುರುಬದುರು ಫ್ಲ್ಯಾಟುಗಳ ಅಡುಗೆಮನೆ ಕಿಟಕಿಗಳು ತೆರೆಯುವುದು ಒಂದೇ ಇಕ್ಕಟ್ಟಾದ ಗಾಳಿಸಂದಿಗೆ. ಆ ಮನೆಯ ಒಗ್ಗರಣೆಗೆ ಈ ಮನೆಯಲ್ಲಿ ಸೀನು. ವಾಸನೆ ಬರುವ ದಾರಿಯಲ್ಲಿ ಸದ್ದೂ ಹೋಗುತ್ತದೆಂಬುದು ಇಷ್ಟು ವರ್ಷ ಅವನಿಗೆ ಹೊಳೆದೇ ಇರಲಿಲ್ಲ. ಊಟವಾದ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬೆಳ್ಳಗಿನ ಗಡ್ಡದವನೊಬ್ಬ ಭೂಪಟಕ್ಕೆ ಕೆಂಪು ಬಾಣ ಎಳೆಯುತ್ತ 'ಯುರೋಪು ಮುಳುಗಿತು' ಎಂದು ವಾರವಾರವೂ ಮುಳುಗಿಸುವುದನ್ನು ನೋಡುವುದು ಅವನ ಒಂದೇ ಒಂದು ಚಟ. ವಲಸೆ ಬಂದ ಮುಸ್ಲಿಮರು ಆ ದೇಶದ ಭಾಷೆ ಕಲಿಯುವುದಿಲ್ಲವಂತೆ, ತಮ್ಮದೇ ಬೀದಿ ಮಾಡಿಕೊಳ್ಳುತ್ತಾರಂತೆ, ತಮ್ಮದೇ ಊಟ, ತಮ್ಮದೇ ಹಬ್ಬ, ಅಲ್ಲಿಯ ಜನಕ್ಕೆ ಸಾಕುಸಾಕಾಗಿದೆಯಂತೆ. ಸರಿಯೇ ಅಲ್ಲವೇ, ಎಂದು ಯಜ್ಞೇಶ ತಲೆಯಾಡಿಸುತ್ತಿದ್ದ. ಎಷ್ಟೋ ಸಲ ರಿಯಾಝನ ಹೆಂಡತಿ ಸುಬೈದಾ ಕಳಿಸಿದ ಕೋಳಿ ಸುಕ್ಕದ ಮೂಳೆ ಚೀಪುತ್ತಲೇ ತಲೆಯಾಡಿಸಿದ್ದಾನೆ, ಪಾಪ, ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ. ವೀಡಿಯೊದವರು ವೀಡಿಯೊದವರು. ರಿಯಾಝ್ ರಿಯಾಝ್. ಟ್ರಾಫಿಕ್ ಪೊಲೀಸು ಅರಬ್ಬಿಯಲ್ಲಿ ಗದರಿದಾಗ, ಮನೆ ಮಾಲೀಕ ಫೋನು ಮಾಡಿದಾಗ, ಹೆಂಡತಿ ಅಕ್ಷಯಾಗೆ ಕ್ಲಿನಿಕ್ಕಿನಲ್ಲಿ ಚೀಟಿ ಅರ್ಥವಾಗದಾಗ, ಎದುರು ಬಾಗಿಲು ತಟ್ಟಿದರೆ ರಿಯಾಝ್ ಬನಿಯನ್ನಿನಲ್ಲಿ ಬಂದು ಫೋನು ತೆಗೆದುಕೊಂಡು ಗಡಗಡ ಮಾತಾಡಿ "ಖಲಾಸ್, ಆಯ್ತು ಹೋಗಿ" ಎನ್ನುತ್ತಿದ್ದ. ಅವನು ಜರ್ಮನಿಗೆ ಹೋದರೆ ಇನ್ನು ಯಾರ ಬಾಗಿಲು ತಟ್ಟುವುದು ಎಂಬ ಯೋಚನೆ ಬಂದು, ಇಂಥ ಹೊತ್ತಿನಲ್ಲೂ ತನ್ನದೇ ಅನುಕೂಲ ನೋಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗಿ, ಟೈ ಗಂಟು ಕುತ್ತಿಗೆಗೆ ಬಿಗಿಯಿತು.

"ಮದುವೆಗೆ ಹೊರಟಿದ್ದಾ?" ಬಾಗಿಲಲ್ಲಿ ಅಕ್ಷಯಾ ನಿಂತಿದ್ದಳು.

"ರಿಯಾಝ್ ಹೇಳಿದ್ನಲ್ಲ, ಇಂಟರ್‌ವ್ಯೂ."

"ಇಂಟರ್‌ವ್ಯೂ ಅವರದ್ದು, ನಿಮ್ಮದಲ್ಲ. ಹೋಗಿ ನಾಲ್ಕು ಪ್ರಶ್ನೆ ಕೇಳಿ ಬನ್ನಿ. ಆ ಗಡ್ಡದವನ ಮಾತೆಲ್ಲ ಅಲ್ಲಿ ಬಿಡ್ಬೇಡಿ, ಹೇಳಿದ್ದೇನೆ."

"ಅವನೇ ಹೇಳಿದ್ದು, ಏನೂ ಮುಚ್ಚಿಡ್ಬೇಡಿ ಅಂತ."

"ಅವರು ಹೇಳ್ತಾರೆ. ನಿಮಗೆ ಬುದ್ಧಿ ಬೇಡ್ವಾ?"

ಬಿಳಿಯರ ವಿಷಯದಲ್ಲಿ ಯಜ್ಞೇಶನ ಸ್ವಂತ ಅನುಭವ ಎಂದರೆ ಒಬ್ಬನೇ ಒಬ್ಬ ಮ್ಯಾನೇಜರು. ಹಿಂದಿನ ಆಫೀಸಿನಲ್ಲಿದ್ದವನು, ಬೆಳಿಗ್ಗೆ ಗುಡ್ ಮಾರ್ನಿಂಗ್, ಸಂಜೆ ಗುಡ್ ನೈಟ್, ನಡುವೆ ಏನಿಲ್ಲ. ಒಂದು ದಿನ ಯಜ್ಞೇಶ ಪ್ಯಾಂಟ್ರಿಯ ಮೈಕ್ರೋವೇವಿನಲ್ಲಿ ಬಂಗುಡೆ ಸಾರು ಬಿಸಿ ಮಾಡಿದ. ಮರುದಿನ ಅದರ ಬಾಗಿಲಿಗೆ ಚೀಟಿ: ದಯವಿಟ್ಟು ಮೀನು ಬೇಡ. ಹೆಸರಿರಲಿಲ್ಲ, ಆದರೆ ಇಡೀ ಆಫೀಸು ಅವನನ್ನೇ ನೋಡಿತು. ಆ ಮೇಲೆ ಅವನು ಮೊಸರನ್ನ ಒಯ್ಯಲು ಶುರುಮಾಡಿದ, ಕೇಳಿದವರಿಗೆ 'ಬಿಳಿಯರ ಶಿಸ್ತು ಎಂದರೆ ಶಿಸ್ತು' ಎಂದು ಹೊಗಳಿದ. ಹೊಗಳುವಾಗ ಕಿವಿ ಯಾಕೆ ಬಿಸಿಯಾಗುತ್ತಿತ್ತೆಂದು ಯೋಚಿಸಲು ಹೋಗಲಿಲ್ಲ. ಈಗ ಕನ್ನಡಿಯಲ್ಲಿ ಆ ಮ್ಯಾನೇಜರನ ಹಾಗೆ ಗಲ್ಲ ಎತ್ತಿ ನೋಡಿದ. ಸುಮಾರಾಗಿ ಬಂತು. ಟೈ ಇರಲಿ ಎಂದುಕೊಂಡ.

ರಿಯಾಝನ ಹಾಲಿನಲ್ಲಿ ಸೋಫಾ ಗೋಡೆಗೆ ಸರಿದಿತ್ತು. ಊಟದ ಮೇಜಿನ ಆಚೆ ಒಂದು ಕುರ್ಚಿ, ಈಚೆ ಒಂದು. ನಡುವೆ ಸಾಲಿಹಾ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ನಿಲ್ಲಿಸಿದ್ದಳು, ತಾನು ಉಪ್ಪಾ ಎಂದು ಕರೆಯುವ ಅಪ್ಪನ ಮುಖ ಕ್ಯಾಮೆರಾದಲ್ಲಿ ಹೇಗೆ ಕಾಣುತ್ತದೆಂದು ನೋಡುವುದಕ್ಕೆ. ಯಜ್ಞೇಶನ ಮಗಳು ತೃಷಾ ಇಲ್ಲಿಗೆ ಮೊದಲೇ ಬಂದು ಸೋಫಾದಲ್ಲಿ ಕಾಲು ಮಡಿಸಿ ಕೂತು ಏನೋ ತಿನ್ನುತ್ತಿದ್ದಳು. ಟೈ ಕಂಡದ್ದೇ ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಹೆರ್ ಯಜ್ಞೇಶ್!" ಎಂದಳು ಸಾಲಿಹಾ. "ಅಲ್ಲಿ ಮಿಸ್ಟರ್ ಅನ್ಲಿಕ್ಕಿಲ್ಲ ಅಂಕಲ್, ಹೆರ್ ಅನ್ಬೇಕು."

ಹೆರ್ ಯಜ್ಞೇಶ್ ಕುರ್ಚಿ ಎಳೆದು ಕೂತ. ಒಳಗಿಂದ ಸುಬೈದಾ ತಟ್ಟೆಯಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರ್, ಪಕ್ಕದಲ್ಲಿ ಮೀನು ಹುರಿದದ್ದು ತಂದಿಟ್ಟಳು. "ಜರ್ಮನಿಯವರು ಕೈ ತೊಳ್ಕೊಳ್ಳುದಿಲ್ವಾ?" ಎಂದು ಕೇಳಿ ಹೋದಳು. ಎದ್ದು ಕೈ ತೊಳೆದು ಬರುವಷ್ಟರಲ್ಲಿ ಅವನ ಗಲ್ಲದ ಗತ್ತು ಇಳಿದುಹೋಗಿತ್ತು.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಇಬ್ಬರ ಇಂಗ್ಲಿಷೂ ಎರಡು ನಿಮಿಷ ನೆಟ್ಟಗೆ ನಿಂತು, ಆಮೇಲೆ ಊರಿನ ಮಾತಿಗೆ ಇಳಿಯಿತು. ಭಾಷೆ ಕಲಿಯುತ್ತೀಯಾ? ಕಲಿಯುತ್ತಿದ್ದೇನೆ ಸರ್, ಎರಡನೇ ಪರೀಕ್ಷೆ ಆಯಿತು. ಹೆಂಗಸರು ಮೇಲಧಿಕಾರಿ ಆದರೆ? ಒಳಗೆ ಒಬ್ಬರು ಇದ್ದಾರಲ್ಲ ಸರ್, ಅಭ್ಯಾಸ ಉಂಟು. ತೃಷಾ ಚಪ್ಪಾಳೆ ತಟ್ಟಿದಳು. ಯಜ್ಞೇಶನಿಗೂ ಹುಮ್ಮಸ್ಸು ಬಂತು, ಒಂದು ಪತ್ತಿರ್ ಮುರಿದು ಬಾಯಿಗಿಟ್ಟು ಹಿಂದಕ್ಕೆ ಒರಗಿದ.

"ನೆರೆಹೊರೆಯವರಿಗಾಗಿ ನೀನು ಏನು ಹೊಂದಾಣಿಕೆ ಮಾಡ್ಕೊಂಡಿದ್ದೀ? ಒಂದು ಉದಾಹರಣೆ ಹೇಳು."

ರಿಯಾಝ್ ಛಾವಣಿ ನೋಡಿದ. "ಅಂಥದ್ದು ಎಂತ ಇಲ್ಲ ಸರ್."

"ಸೋಮವಾರ ಮೀನು ಹುರಿಯುದಿಲ್ಲ ಅಂತ ಹೇಳಿ!" ಒಳಗಿಂದ ಸುಬೈದಾ ಕೂಗಿದಳು.

"ಹೌದಲ್ಲ. ಅದೊಂದುಂಟು."

ಯಜ್ಞೇಶನ ಬಾಯಲ್ಲಿದ್ದ ಪತ್ತಿರ್ ಅಲ್ಲೇ ನಿಂತಿತು. "ಯಾಕೆ ಹುರಿಯುದಿಲ್ಲ?"

"ಅಕ್ಷಯಕ್ಕಂಗೆ ಸೋಮವಾರ ಅಲ್ವಾ?" ಸುಬೈದಾ ಸೌಟು ಹಿಡಿದು ಬಾಗಿಲಿಗೆ ಬಂದಳು. "ಉಪವಾಸ ಇದ್ದವರ ಮೂಗಿಗೆ ಅಂಜಲ್ ಮೀನಿನ ವಾಸನೆ ಬಿಡ್ಲಿಕ್ಕಾಗ್ತದಾ? ನೀವು ಈ ಫ್ಲ್ಯಾಟಿಗೆ ಬಂದಾಗಿಂದ ಹಾಗೇ."

ಸೋಮವಾರ ಗಾಳಿ ಆಚೆ ಕಡೆ ಬೀಸುತ್ತದೆ ಎಂದು ಅವನು ತಿಳಿದಿದ್ದ. ದೇವರಾಣೆ, ಹಾಗೆಯೇ ತಿಳಿದಿದ್ದ. ಒಮ್ಮೆ ಅಕ್ಷಯಾಗೆ 'ನೋಡು, ನಿನ್ನ ಶಿವನೇ ಗಾಳಿ ತಿರುಗಿಸ್ತಾನೆ' ಎಂದು ತಮಾಷೆಯನ್ನೂ ಮಾಡಿದ್ದ. ಅವಳು ಅವನನ್ನು ಒಂದು ಥರ ನೋಡಿದ್ದಳು. ಅವಳಿಗೆ ಗೊತ್ತಿತ್ತು. ತೃಷಾಗೂ ಗೊತ್ತಿತ್ತೆಂದು ಅವಳ ಮುಖ ಹೇಳುತ್ತಿತ್ತು. ಎರಡು ಮನೆಗೂ ಗೊತ್ತಿದ್ದದ್ದು ತನ್ನೊಬ್ಬನಿಗೆ ಗೊತ್ತಿರಲಿಲ್ಲ ಎಂದರೆ ತಾನು ಯಾವ ಮನೆಯಲ್ಲಿದ್ದೆ? ಮುಜುಗರ ಮುಚ್ಚಲು ಅವನು ಟೈ ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ ಮುಂದಿನ ಪ್ರಶ್ನೆ ಎಸೆದ. "ಅದು ಬಿಡು. ಹೋದಲ್ಲೆಲ್ಲ ನಿಮ್ಮ ಜನ ನಿಮ್ಮವರ ಜೊತೆಯೇ ಯಾಕೆ ಇರ್ತೀರಿ? ಅಲ್ಲಿಯವರ ಜೊತೆ ಯಾಕೆ ಬೆರೆಯುದಿಲ್ಲ?"

ರಿಯಾಝ್ ತಲೆ ಕೆರೆದ. "ಇದೇ ನೋಡಿ ಯಜ್ಞೇಶಣ್ಣ, ಹೋದ ಸಲ ಬಿದ್ದದ್ದು ಇದಕ್ಕೇ. ಇದಕ್ಕೆಂತ ಹೇಳುದು? ತಮ್ಮ ಝುಬೈರನನ್ನು ಕೇಳಿದೆ. ಅವ ಅಲ್ಲಿಗೆ ಹೋಗಿ ಮೂರು ವರ್ಷ ಆಗ್ಲಿಲ್ಲ, ಈಗ್ಲೇ ಅವ ಹೇಳ್ತಾನೆ, ಇಲ್ಲಿಗೆ ಸಿಕ್ಕಾಪಟ್ಟೆ ಜನ ಬರ್ತಿದ್ದಾರೆ, ಕಂಟ್ರೋಲೇ ಇಲ್ಲ, ನೀನು ಬಂದ್ಮೇಲೆ ಬಾಗಿಲು ಹಾಕಿದ್ರೆ ಒಳ್ಳೇದು ಅಂತ." ಎಲ್ಲರೂ ನಕ್ಕರು. "ನೀವೇ ಒಮ್ಮೆ ನನ್ನ ಕುರ್ಚಿಗೆ ಬನ್ನಿ. ನಾನು ಕೇಳ್ತೇನೆ. ನೀವು ಹೇಗೆ ಹೇಳ್ತೀರಿ ನೋಡ್ತೇನೆ."

ಹೀಗೆ ಕುರ್ಚಿ ಬದಲಾಯಿತು. ಇದರಲ್ಲಿ ಏನೂ ಮಸಲತ್ತು ಇರಲಿಲ್ಲವೆಂದೇ ಯಜ್ಞೇಶ ಆಮೇಲೂ ನಂಬಲು ಪ್ರಯತ್ನಿಸಿದ. ರಿಯಾಝ್ ಆ ಕಡೆ ಕೂತು ಕೆಮ್ಮಿದ. ಟೈ ಇಲ್ಲದೆಯೇ ಬಿಳಿಯನಾದ.

"ಕತಾರಿಗೆ ಬಂದು ಎಷ್ಟು ವರ್ಷ ಆಯ್ತು?"

"ಸುಮಾರು ಆಯ್ತು. ತೃಷಾ ಇಲ್ಲೇ ಹುಟ್ಟಿದ್ದು."

"ಅರಬ್ಬಿ ಬರ್ತದಾ?"

"ಯಲ್ಲಾ, ಖಲಾಸ್..." ಯಜ್ಞೇಶ ತಡಕಾಡಿದ. "ಮಾಫಿ."

"ಮಾಫಿ ಅಂದ್ರೆ ಇಲ್ಲ ಅಂತ. ಕರೆಕ್ಟ್ ಉತ್ತರ!" ಎಂದು ಸಾಲಿಹಾ ಕಿರುಚಿದಳು.

"ಈ ದೇಶದವರ ಮನೆಗೆ ಹೋಗಿದ್ದುಂಟಾ?"

ಒಮ್ಮೆ ಹೋಗಿದ್ದ. ಅಲ್ ಅಜೀಜಿಯಾದಲ್ಲಿ ಸ್ನೇಹಿತ ಒಸ್ವಾಲ್ಡನ ಮಗುವಿನ ನಾಮಕರಣಕ್ಕೆಂದು ಕೇಕು ಹಿಡಿದುಕೊಂಡು ಹೊರಟವನು ವಿಲ್ಲಾ ತಪ್ಪಿ ಪಕ್ಕದ ಗೇಟು ಹೊಕ್ಕಿದ್ದ. ಬಿಳಿ ನಿಲುವಂಗಿಯ ಮುದುಕರೊಬ್ಬರು ಕೈಹಿಡಿದು ಕೂರಿಸಿ, ಖರ್ಜೂರ ಕೊಟ್ಟು, ಪುಟ್ಟ ಕಪ್ಪಿಗೆ ಕಹಿ ಕಾಫಿ ಬಗ್ಗಿಸುತ್ತಲೇ ಹೋದರು. ಕಪ್ಪು ಅಲ್ಲಾಡಿಸಿದರೆ ಸಾಕು ಎಂದು ಅರ್ಥ, ಅದು ಅವನಿಗೆ ಗೊತ್ತಿರಲಿಲ್ಲ. ಮರ್ಯಾದೆಗೆ ಕುಡಿದ, ಕುಡಿದ, ಎದೆ ಡವಡವ ಎನ್ನುವ ತನಕ ಕುಡಿದ, ಕೊನೆಗೆ ಕೇಕನ್ನು ಅಲ್ಲೇ ಬಿಟ್ಟು ಓಡಿಬಂದ. ಅದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಅವನು ಹೇಳಲಿಲ್ಲ. ತೃಷಾ ಹೇಳಿದಳು. ಎಲ್ಲರೂ ನಕ್ಕರು.

"ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅಂಗಡಿ ಮುಚ್ಚಿರ್ತದೆ, ಗೊತ್ತುಂಟಾ?"

"ಗೊತ್ತಿಲ್ಲದೆ ಏನು?"

"ಪಪ್ಪಾ! ಇವತ್ತೇ ಬ್ರೆಡ್ಡಿಗೆ ಹೋಗಿ ಶಟರ್ ಮುಂದೆ ನಿಂತಿದ್ರಿ. ಎವ್ರಿ ಫ್ರೈಡೇ!" ತೃಷಾ ಹೊಟ್ಟೆ ಹಿಡಿದುಕೊಂಡಳು.

"ನಿಮ್ಮ ಊಟ? ನಿಮ್ಮ ಹಬ್ಬ?"

ಆಟಿಡೊಂಜಿ ದಿನ, ಎಂದ ಯಜ್ಞೇಶ ಸಣ್ಣ ದನಿಯಲ್ಲಿ. ಊರಲ್ಲಿ ಜಡಿಮಳೆ ಸುರಿಯುವ ತಿಂಗಳ ಹಬ್ಬವನ್ನು ಅವರ ತುಳು ಬಳಗ ಇಲ್ಲಿ ಮೊಟ್ಟೆ ಒಡೆದರೆ ರಸ್ತೆಯಲ್ಲೇ ಬೇಯುವ ಬಿಸಿಲಲ್ಲಿ, ಎ.ಸಿ. ಹಾಲ್ ಹಿಡಿದು, ಮಂಗಳೂರಿನಿಂದ ವಿಮಾನದಲ್ಲಿ ಕೆಸುವಿನ ಎಲೆ ತರಿಸಿ ಮಾಡುತ್ತದೆ. ಪತ್ರೊಡೆ ಹಂಚುವ ಉಸ್ತುವಾರಿ ಅವನದೇ. ರಿಯಾಝ್ ತಲೆಯಾಡಿಸಿದ. ತಾನು ಸ್ಟೂಲಿನ ಮೇಲೆ ಕೂತು ತಲೆಯಾಡಿಸುತ್ತಿದ್ದದ್ದು ಹೀಗೇ ಅಲ್ಲವೇ ಎಂದು ಯಜ್ಞೇಶನಿಗೆ ಅನ್ನಿಸಿತು, ಅನ್ನಿಸಿದ್ದೇ ತಡ ಮೈಯೆಲ್ಲ ಉರಿಯಿತು.

"ಹಾಗಾದ್ರೆ ಹೇಳಿ. ಇಷ್ಟು ವರ್ಷ ಈ ದೇಶದ ಅನ್ನ ತಿಂದು, ನಿಮ್ಮವರ ಜೊತೆಯೇ ಯಾಕಿದ್ದೀರಿ?"

"ಪಪ್ಪಾ, ಯು ಆರ್ ರಿಜೆಕ್ಟೆಡ್!"

ಮಗಳ ಆ ಮಾತಿಗೋ, ನಗೆಗೋ, ಟೈ ಬಿಗಿದದ್ದಕ್ಕೋ, ಯಜ್ಞೇಶ ಮೇಜು ಕುಟ್ಟಿಬಿಟ್ಟ. "ನಾವು ದುಡೀಲಿಕ್ಕೆ ಬಂದವರು! ಬಾಯಿ ಮುಚ್ಚಿ ದುಡಿದು ಹೋಗ್ತೇವೆ. ನಿಮ್ಮವರ ಹಾಗೆ ಹೋದ ಊರನ್ನೆಲ್ಲ ನಮ್ಮದು ಮಾಡ್ಕೊಳ್ಳುದಿಲ್ಲ ನಾವು!"

ಸಾಲಿಹಾ ಫೋನು ನೋಡಿದಳು, ತೃಷಾ ಅಪ್ಪನನ್ನು ನೋಡಿದಳು, ಯಾಕೆ ನೋಡಿದಳೋ, ಆ ನೋಟ ಅವನಿಗೆ ಬೇಡವಾಗಿತ್ತು. ಪಾತ್ರ, ಪಾತ್ರದ ಮಾತು, ಜರ್ಮನಿಯವನು ಹೇಳಿದ್ದು ಎಂದುಬಿಡಬಹುದಿತ್ತು. ಬಾಯಿ ತೆರೆದ. ಆಗ ನೆನಪಾಯಿತು: ಜರ್ಮನಿಯವನು ಆ ಕುರ್ಚಿಯಲ್ಲಿದ್ದಾನೆ. ಈ ಕುರ್ಚಿಯಲ್ಲಿ ಕೂತು ಹೇಳಿದವನು ಯಜ್ಞೇಶ. ಅಯ್ಯೋ ದೇವರೇ, ಎದ್ದು ಮನೆಗೆ ಓಡಲೇ ಎಂದುಕೊಂಡ, ಓಡಿದರೆ ಮನೆ ಎಂದರೆ ಏಳು ಹೆಜ್ಜೆ, ಮತ್ತೆ ನಾಳೆ ಬೆಳಿಗ್ಗೆ ಇದೇ ಬಾಗಿಲು ಎದುರಿಗೆ.

ರಿಯಾಝ್ ನಿಧಾನಕ್ಕೆ ಎದ್ದ. ಅವನ ಕಿವಿ ಕೆಂಪಾಗಿತ್ತು. "ಅದು ಆ ಕುರ್ಚಿಯಲ್ಲಿ ಕೂತು ಹೇಳುವ ಮಾತಲ್ಲ ಯಜ್ಞೇಶಣ್ಣ. ಈ ಕುರ್ಚಿಗೆ ಬನ್ನಿ."

"ರಿಯಾಝ್, ನಾನು..."

"ಬನ್ನಿ ಮಾರಾಯ್ರೆ. ಇಲ್ಲಿ ಕೂತು ಹೇಳಿ. ಒಳ್ಳೆ ಪ್ರಶ್ನೆ ಅದು. ನಂಗೆ ಸಿಟ್ಟು ಬಂತು. ಸೋಮವಾರ ಬರ್ಬಾರ್ದು."

ಯಜ್ಞೇಶ ಸುಬೈದಾಳ ಕಡೆ ನೋಡಿದ, ಅವಳಾದರೂ ಸಾಕು ಎಂದಾಳೇ ಎಂದು. ಅವಳು ಸೌಟನ್ನು ಮೇಜಿನ ಮೇಲಿಟ್ಟು ಗಂಡನ ಪಕ್ಕಕ್ಕೆ ಬಂದು ನಿಂತಳು. "ಹೇಳಿ ಅಣ್ಣ," ಎಂದಳು. "ಅಲ್ಲಿ ಕೇಳಿ ಬೀಳುದಕ್ಕಿಂತ ಇಲ್ಲಿ ಕೇಳುದು ಒಳ್ಳೇದು."

ಅವನು ಹೇಳಿದ. ಜರ್ಮನಿಯವನ ಕುರ್ಚಿಯಲ್ಲಿ ಕೂತು, ಟೈ ಕಟ್ಟಿಕೊಂಡು, ಇಂಗ್ಲಿಷಿನಲ್ಲಿ, ನೀವು ಹೋದ ಊರನ್ನೆಲ್ಲ ನಿಮ್ಮದು ಮಾಡಿಕೊಳ್ಳುತ್ತೀರಿ, ಎಂದ. ಮೊದಲ ಸಲ ಉತ್ತರ ಕೊಡುವಾಗ ರಿಯಾಝನ ದನಿ ನಡುಗಿತು. "ಉಪ್ಪಾ, ಹುಬ್ಬು ಗಂಟಾಗ್ತದೆ," ಎಂದಳು ಸಾಲಿಹಾ ಫೋನು ನೋಡುತ್ತ. ಇನ್ನೊಂದು ಸಲ. ಈ ಸಲ ದನಿ ಸರಿ, ಕೈ ಮುಷ್ಟಿಯಾಗಿತ್ತು. "ಕೈ ಮೇಜಿನ ಕೆಳಗಿಡಿ," ಎಂದಳು ಸುಬೈದಾ. ಇನ್ನೊಂದು ಸಲ. ಹೇಳಿ ಹೇಳಿ ಮಾತು ಯಜ್ಞೇಶನ ಬಾಯಲ್ಲಿ ಸಪ್ಪೆಯಾಗಿ, ಯಾರದೋ ಮಾತಾಗಿ, ಗಡ್ಡದವನದೂ ಅಲ್ಲದ್ದಾಗಿ ಬಂತು. ಕೊನೆಯ ಸಲ ಹೇಳಿದಾಗ ರಿಯಾಝ್ ನಕ್ಕ. ತುಟಿಯ ಎರಡೂ ತುದಿ ಸಮನಾಗಿ ಎದ್ದು, ಕಣ್ಣು ಸ್ವಲ್ಪ ಕಿರಿದಾಗಿ, ಹಲ್ಲು ಬೇಕಾದಷ್ಟೇ ಕಂಡು, ಯಾರ ಮೇಲೂ ಯಾವ ದೂರೂ ಇಲ್ಲದವನ ನಗು. "ಪರ್ಫೆಕ್ಟ್! ಇದೇ ನಗು ಇಟ್ಕೊಳ್ಳಿ ಉಪ್ಪಾ," ಎಂದು ಸಾಲಿಹಾ ಪಾಸು ಮಾಡಿದಳು. ಸುಬೈದಾ ಯಜ್ಞೇಶನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ಬೇಡ ಎನ್ನಲು ಅವನಿಗೆ ಧೈರ್ಯ ಬರಲಿಲ್ಲ, ತಿಂದ.

ಸೋಮವಾರ ಸಂಜೆ ಆಫೀಸಿನಿಂದ ಬಂದು ಅಂಗಿ ಬಿಚ್ಚದೆ, ಪ್ಯಾಂಟು ಮಾತ್ರ ಬಿಟ್ಟು ಲುಂಗಿ ಸುತ್ತಿಕೊಂಡು, ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ. ಫೋನು ಆರಿಸಿಟ್ಟಿದ್ದ. ಕಿಟಕಿಯಾಚೆಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ, ಬೇಳೆ ಬೇಯುವುದು ಬಿಟ್ಟರೆ. ರಿಯಾಝನ ಇಂಗ್ಲಿಷು ಕೇಳುತ್ತಿತ್ತು, ಯಂತ್ರದ ಹೆಸರುಗಳು, ಆಮೇಲೆ ಒಂದು ಹೆಂಗಸಿನ ದನಿ. ಅಕ್ಷಯಾ ಹಾಲು ಕಾಯಿಸುತ್ತ, "ಅಂತೂ ಕಿಟಕಿ ಕೆಲಸಕ್ಕೆ ಬಂತು," ಎಂದಳು. ಶುಕ್ರವಾರದ ಕಥೆಯನ್ನು ತೃಷಾ ಅವಳಿಗೆ ಹೇಳಿದ್ದಾಳೆಂದು ಯಜ್ಞೇಶನಿಗೆ ಗೊತ್ತಿತ್ತು. ಅವಳು ಏನೂ ಕೇಳಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಸಾಲಿಹಾ ಏದುಸಿರು ಬಿಡುತ್ತಿದ್ದಳು.

"ಅಂಕಲ್, ಬೇಗ ಬನ್ನಿ! ಬೇರೆ ಜನರ ಜೊತೆ ಹೇಗಿದ್ದೀ ಅಂತ ಮೇಡಮ್ ಕೇಳಿದ್ರು. ಉಪ್ಪ ಹೇಳಿಬಿಟ್ರು, ನನ್ನ ನೆರೆಯವರನ್ನೇ ಕೇಳಿ ಅಂತ. ಮೇಡಮ್ ಕರೀರಿ ಅಂದ್ರು!"

ಲುಂಗಿ ಎಂದ. ಮೇಜಿನ ಕೆಳಗೆ ಕಾಣುವುದಿಲ್ಲ ಎಂದಳು. ರಿಯಾಝ್ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಪರದೆಯಲ್ಲಿ ಕನ್ನಡಕದ ಹೆಂಗಸು, ಸಾಧಾರಣ ಮುಖ, ಹಿಂದೆ ಒಂದು ಹೂವಿನ ಕುಂಡ. ನೀವು ಇವರ ನೆರೆಯವರೇ? ಇವರು ಬೇರೆಯವರ ಜೊತೆ ಹೊಂದಿಕೊಂಡು ಬಾಳುವವರೇ? ಯಜ್ಞೇಶನ ಬಾಯಿಗೆ ಇಂಗ್ಲಿಷಿನಲ್ಲಿ ಸಿದ್ಧವಾಗಿದ್ದ ವಾಕ್ಯಗಳೆಲ್ಲ ಶುಕ್ರವಾರ ಹೇಳಿದವೇ. ಅವನ್ನು ನುಂಗಿಕೊಂಡ. ಬೇರೆ ಏನು ಹೇಳುವುದೆಂದು ತೋಚದೆ, ಬೆವರೊರೆಸಿಕೊಂಡು, "ಸೋಮವಾರ ಇವರು ಮೀನು ಹುರಿಯುವುದಿಲ್ಲ ಮೇಡಮ್," ಎಂದ. "ನನ್ನ ಹೆಂಡತಿಗೋಸ್ಕರ. ಎಷ್ಟೋ ವರ್ಷದಿಂದ. ನಮಗೆ ಹೇಳಲೂ ಇಲ್ಲ."

ಮೇಡಮ್ ಕನ್ನಡಕ ತೆಗೆದು ಅವನನ್ನು ನೋಡಿದಳು. ಏನೋ ಬರೆದುಕೊಂಡಳು. ಆಮೇಲೆ, ಸುಮ್ಮನೆ, ಮಾತಿಗೆ ಮಾತೆಂಬಂತೆ ಕೇಳಿದಳು: "ಚೆನ್ನಾಗಿದೆ. ನೀವು ಅವರಿಗೋಸ್ಕರ ಏನು ಮಾಡುತ್ತೀರಿ?"

ಯಜ್ಞೇಶ ಲುಂಗಿಯ ಅಂಚು ಹಿಡಿದುಕೊಂಡ. ಯೋಚಿಸಿದ. ನಿಜವಾಗಿಯೂ, ಕಷ್ಟಪಟ್ಟು ಯೋಚಿಸಿದ. ಏನೂ ಸಿಗಲಿಲ್ಲ. ಬಾಗಿಲ ಹತ್ತಿರ ಸುಬೈದಾ ತುಟಿ ಕಚ್ಚಿಕೊಂಡು ನಿಂತಿದ್ದಳು. ಕೆಲಸ, ಸಾಲಿಹಾಳ ಓದು, ಎಲ್ಲವೂ ಈಗ ಅವನ ಬಾಯಿ ನೋಡುತ್ತಿದ್ದವು.

"ಈ ಇಂಟರ್‌ವ್ಯೂಗೆ ನನ್ನನ್ನು ತಯಾರು ಮಾಡಿದ್ದು ಇವರೇ ಮೇಡಮ್," ಎಂದ ರಿಯಾಝ್ ಪಕ್ಕದಿಂದ. "ಯಾವ ಪ್ರಶ್ನೆಗೂ ನನಗೆ ಕಷ್ಟ ಆಗಬಾರದು ಅಂತ, ಎಲ್ಲವನ್ನೂ ಮೊದಲೇ ಕೇಳಿ ಕಲಿಸಿದ್ದಾರೆ."

ಮೇಡಮ್ ಮನಸಾರೆ ನಕ್ಕಳು. ಒಳ್ಳೆಯ ನೆರೆಯವರು ಸಿಕ್ಕಿದ್ದಾರೆ ನಿಮಗೆ, ಎಂದಳು.

"ಹೌದು ಮೇಡಮ್. ತುಂಬಾ ಒಳ್ಳೆಯವರು."

ಯಜ್ಞೇಶ ಕೃತಜ್ಞತೆಯಿಂದ ತಿರುಗಿ ನೋಡಿದ. ರಿಯಾಝ್ ನಗುತ್ತಿದ್ದ. ತುಟಿಯ ಎರಡೂ ತುದಿ ಸಮನಾಗಿ ಎದ್ದಿದ್ದವು, ಹಲ್ಲು ಬೇಕಾದಷ್ಟೇ ಕಾಣುತ್ತಿತ್ತು, ಕೈ ಮೇಜಿನ ಕೆಳಗಿತ್ತು.